ಉಳಿತಾಯದ ಉಪದೇಶವೂ ಕೆಟ್ಟ ತಿಂಗಳೂ

ಹಣಕಾಸಿನ ಶಿಸ್ತಿನ ಬಗ್ಗೆ ಯಾರೋ ಮಹನೀಯರು ಮಾಡಿದ ಭಾಷಣದ ವಿಡಿಯೋ ಈಗಷ್ಟೇ ನೋಡಿ ಮುಗಿಸಿದೆ. ತಲೆ ಕೆಟ್ಟಿದೆ. ಪ್ರತಿ ಕುಟುಂಬವೂ ಆರು ತಿಂಗಳ ಖರ್ಚಿನಷ್ಟು ಹಣ ಎತ್ತಿಡಬೇಕಂತೆ. ಬಡವರು ಬಡವರಾಗಿಯೇ ಉಳಿಯೋದು ಅವರಿಗೆ ಯೋಜನೆ ಹಾಕೋಕೆ ಬಾರದ್ದಕ್ಕಂತೆ. ಒಂದನೇ ತಾರೀಖು ತಪ್ಪದೆ ಖಾತೆಗೆ ಸಂಬಳ ಬೀಳುವವರ ಬಾಯಿಗೆ ಇದಕ್ಕಿಂತ ಸಲೀಸಾದ ಮಾತು ಇನ್ನೊಂದಿಲ್ಲ.

ನಾನು ದಿನಗೂಲಿಯ ಮನೆಯಲ್ಲಿ ಬೆಳೆದು ಈಗ ಅದೇ ಒಂದನೇ ತಾರೀಖಿನ ಗಿರಾಕಿಯಾಗಿರೋನು ಅಂತ ಇಲ್ಲಿನ ಹಳಬರಿಗೆ ಗೊತ್ತು. ಹಾಗಾಗಿ ಸಿಟ್ಟು ಸ್ವಲ್ಪ ಜಾಸ್ತಿಯೇ ಇರುತ್ತೆ, ಸಹಿಸಿಕೊಳ್ಳಿ.

ಎರಡು ಮನೆ ತಗೊಳ್ಳಿ. ವರ್ಷದ ಆದಾಯ ಎರಡಕ್ಕೂ ಒಂದೇ. ಒಂದರಲ್ಲಿ ತಿಂಗಳ ಸಂಬಳ, ರಜೆ, ವಿಮೆ. ಇನ್ನೊಂದರಲ್ಲಿ ದುಡಿದ ದಿನ ಕೂಲಿ. ಎರಡೂ ಮನೆಗೆ ಹತ್ತು ದಿನದ ಜ್ವರ ಬಂತು ಅನ್ನಿ. ಮೊದಲ ಮನೆಯವರು ಮಲಗಿ ಎದ್ದರು, ಅಷ್ಟೇ. ಎರಡನೇ ಮನೆಯಲ್ಲಿ ದುಡಿಮೆ ನಿಲ್ಲೋದೂ ಔಷಧಿಯ ಖರ್ಚು ಶುರುವಾಗೋದೂ ಒಂದೇ ದಿನ. ಮೊದಲು ಕೂಡಿಟ್ಟಿದ್ದು ಹೋಗುತ್ತೆ, ಆಮೇಲೆ ಕೈಸಾಲ, ಆಮೇಲೆ ಬಡ್ಡಿಸಾಲ, ಅದೂ ಸಾಲದಿದ್ದರೆ ದೊಡ್ಡ ಮಗು ಶಾಲೆ ಬಿಡುತ್ತೆ. ಜ್ವರ ಬಿಟ್ಟರೂ ಬಡ್ಡಿ ಬಿಡಲ್ಲ. ವರ್ಷದ ಕೊನೆಗೆ ಲೆಕ್ಕ ಹಾಕುವವರ ಪಟ್ಟಿಯಲ್ಲಿ ಮಾತ್ರ ಎರಡೂ ಮನೆ ಅಕ್ಕಪಕ್ಕ ಕೂತಿರುತ್ತವೆ.

ನಾನು ಕೇಳೋದು ಇಷ್ಟೇ: ಕೆಟ್ಟ ತಿಂಗಳ ಖರ್ಚು ಯಾರ ತಲೆ ಮೇಲೆ? ಕೆಲಸ ಕೊಟ್ಟವನದ್ದೋ, ಸರ್ಕಾರದ್ದೋ, ಆ ಮನೆಯದ್ದೋ?

ಯೋಜನೆ ಬರೋದಿಲ್ಲವಂತೆ! ಯಾರ ಸಾಲ ಮೊದಲು ತೀರಿಸಿದರೆ ನಾಳೆ ಮತ್ತೆ ಅವರ ಮುಂದೆ ಕೈಚಾಚಬಹುದು ಅನ್ನೋ ಲೆಕ್ಕವನ್ನು ನಮ್ಮಮ್ಮ ಬಾಯಲ್ಲೇ ಹಾಕೋಳು. ಆ ಭಾಷಣಕಾರರಿಗೆ ಒಂದು ತಿಂಗಳು ಆ ಲೆಕ್ಕ ಒಪ್ಪಿಸಿ ನೋಡಬೇಕು.

ಇದು ಎಲ್ಲೋ ಮೂಲೆಯಲ್ಲಿರುವ ನಾಲ್ಕು ಜನರ ಕಥೆಯೂ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2018ರ ವರದಿ ಪ್ರಕಾರ ಜಗತ್ತಿನ ದುಡಿಯುವವರಲ್ಲಿ ಶೇ. 61ರಷ್ಟು, ಅಂದರೆ 200 ಕೋಟಿ ಜನ, ಅಸಂಘಟಿತ ದುಡಿಮೆಯಲ್ಲಿದ್ದಾರೆ. ಬಹುಪಾಲು ಬಡ ಮತ್ತು ಅಭಿವೃದ್ಧಿಶೀಲ ದೇಶಗಳವರೇ. 2020ರಲ್ಲಿ ಕೊರೊನಾ ಬಂದ ಮೊದಲ ತಿಂಗಳಲ್ಲೇ ಇವರ ಗಳಿಕೆ ಶೇ. 60ರಷ್ಟು ಕುಸಿಯಿತು ಅಂತ ಅದೇ ಸಂಸ್ಥೆ ಅಂದಾಜು ಮಾಡಿತ್ತು. ಆರು ತಿಂಗಳ ಖರ್ಚು ಎತ್ತಿಡಬೇಕಿತ್ತು, ಅಲ್ವಾ ಸಾರ್?

"ಹಾಗಾದ್ರೆ ಎಲ್ಲರಿಗೂ ಕಾರ್ಖಾನೆ ಕೆಲಸ ಕೊಡಿಸಿ, ಮುಗೀತಲ್ಲ" ಅಂತ ಒಬ್ಬರಾದರೂ ಬರೀತೀರಿ, ಗೊತ್ತು. ಇಥಿಯೋಪಿಯಾದಲ್ಲಿ ಬ್ಲಾಟ್‌ಮನ್ ಮತ್ತು ಡೆರ್ಕಾನ್ ಅನ್ನೋ ಅರ್ಥಶಾಸ್ತ್ರಜ್ಞರು ಅದನ್ನೂ ಪರೀಕ್ಷಿಸಿದ್ದಾರೆ. ಕಾರ್ಖಾನೆಗೆ ಅರ್ಜಿ ಹಾಕಿದವರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿ ಕೆಲವರಿಗೆ ಕೆಲಸ, ಕೆಲವರಿಗೆ ಸ್ವಂತ ದುಡಿಮೆ ಶುರುಮಾಡೋಕೆ ತರಬೇತಿ ಮತ್ತು ಸುಮಾರು 300 ಡಾಲರ್ ಕೊಡಿಸಿದರು. ಕಾರ್ಖಾನೆ ಸೇರಿದವರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಜನ ವರ್ಷದೊಳಗೆ ಕೆಲಸ ಬಿಟ್ಟರು. ಸಂಬಳವೇನೂ ಹೆಚ್ಚಿರಲಿಲ್ಲ, ಕಾಯಿಲೆ ಮಾತ್ರ ಹೆಚ್ಚಾಗಿತ್ತು. ಹಣ ಪಡೆದವರ ಗಳಿಕೆ ಮೊದಲ ವರ್ಷ ಏರಿತು, ಐದು ವರ್ಷದ ಹೊತ್ತಿಗೆ ಆ ಏರಿಕೆಯೂ ಕರಗಿತ್ತು. ಕಾಯಿಲೆ ಹಚ್ಚಿ ಆಸ್ಪತ್ರೆಯ ಚೀಟಿ ಕಾರ್ಮಿಕನ ಕೈಗೇ ಕೊಡುವ ನೌಕರಿಗೆ ಸಂಬಳದ ಪಟ್ಟಿ ಇದ್ದರೆಷ್ಟು, ಬಿಟ್ಟರೆಷ್ಟು?

ಥಾಯ್ಲೆಂಡ್ ಇದನ್ನೇ ಬೇರೆ ಕಡೆಯಿಂದ ಹಿಡಿಯಿತು. 2002ರ ಹೊತ್ತಿಗೆ ನೌಕರಿಯ ವಿಮೆ ಇಲ್ಲದವರಿಗೂ ಸರ್ಕಾರದ ದುಡ್ಡಿನಲ್ಲೇ ಚಿಕಿತ್ಸೆ ಅಂತ ಮಾಡಿತು. ನೀನು ಯಾರ ಹತ್ತಿರ ಕೆಲಸಕ್ಕಿದ್ದೀಯ ಅಂತ ಕೇಳಲಿಲ್ಲ. ಚಿಕಿತ್ಸೆಗಾಗಿ ಮುಳುಗುವ ಮನೆಗಳು ಕಡಿಮೆಯಾದವು. ಕೂಲಿ ಹೋಗೋದು ಇದರಿಂದ ನಿಲ್ಲಲಿಲ್ಲ, ಒಪ್ಪುತ್ತೇನೆ. ಆದರೆ ಎರಡು ಕಡೆ ಸೋರುವಲ್ಲಿ ಒಂದು ಕಡೆಯಾದರೂ ಮುಚ್ಚಿತು.

ಇನ್ನು "ಅವರು ತೆರಿಗೆಯನ್ನೇ ಕಟ್ಟಲ್ಲ, ಸೌಲಭ್ಯ ಯಾಕೆ" ಅನ್ನೋರು. ಸ್ವಾಮಿ, ಸೋಪಿನಿಂದ ಫೋನ್ ರೀಚಾರ್ಜ್‌ವರೆಗೆ ಕೊಳ್ಳುವ ವಸ್ತುವಿನ ಮೇಲಿನ ತೆರಿಗೆಯನ್ನು ಅವರೂ ನಿಮ್ಮಷ್ಟೇ ಕಟ್ಟುತ್ತಾರೆ. ಆದಾಯ ತೆರಿಗೆಯಲ್ಲಿ ಹೆಚ್ಚು ಕಟ್ಟಿದ್ದು ರಿಫಂಡ್ ಆಗಿ ವಾಪಸ್ ಬರೋದು ಮಾತ್ರ ನಿಮ್ಮಂಥವರಿಗೆ.