ಕರಗುವ ಲೆಕ್ಕ ಬೇಡ, ಮೆತ್ತಗಾಗುವ ಲೆಕ್ಕ ಹೇಳಿ

ಕೈಯಿಂದ ಕೀಕ್ಯಾಪ್ ಮಾಡಿ ಮಾರುವವರ ಮೇಲೆ ಕಲಬುರಗಿಯಿಂದ ನನ್ನದೊಂದು ತಕರಾರಿದೆ. ಬೆಂಗಳೂರಿನ ತಂಪಿನಲ್ಲಿ ಕೂತು ಮಾಡಿದ್ದನ್ನು ನಮ್ಮ ಬಿಸಿಲಿಗೆ ಕಳಿಸುತ್ತೀರಿ. ಮೇಲೆ 'ಹೀಟ್ ಪ್ರೂಫ್' ಅಂತ ಬೇರೆ ಬರೆದಿರುತ್ತೀರಿ. ಎಷ್ಟು ಡಿಗ್ರಿವರೆಗೆ ಅಂತ ಕೇಳಿದರೆ ಒಂದು ನಗುವ ಇಮೋಜಿ ಬರುತ್ತದೆ.

ಗೊತ್ತಿಲ್ಲದವರಿಗೆ: ಕೀಕ್ಯಾಪ್ ಅಂದರೆ ಕೀಬೋರ್ಡಿನ ಪ್ರತಿ ಕೀ ಮೇಲಿರುವ ಟೋಪಿ. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಅದನ್ನು ಕಿತ್ತು ಬೇರೆ ಹಾಕಬಹುದು. ಹಾಗಾಗಿ ರೆಸಿನ್ (ಸುರಿದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಎರಕ ಹೊಯ್ದು, ಒಳಗೆ ಹೂವು, ಮೀನು ಕೂರಿಸಿ ಮಾರುತ್ತಾರೆ. ಚೆಂದ ಇರುತ್ತವೆ, ಸುಳ್ಳು ಯಾಕೆ ಹೇಳಲಿ. ಬೆಲೆಯೂ ಹಾಗೇ ಇರುತ್ತದೆ.

ಮೇ ತಿಂಗಳಲ್ಲಿ ಇಲ್ಲಿ 42-43 ಡಿಗ್ರಿ ಮಾಮೂಲು. ಅದೂ ನೆರಳಿನ ಲೆಕ್ಕ. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 60 ದಾಟುವುದು ದೊಡ್ಡ ಮಾತಲ್ಲ, ಡ್ಯಾಶ್‌ಬೋರ್ಡ್ ಇನ್ನೂ ಜಾಸ್ತಿ ಕಾಯುತ್ತದೆ. ಮನೆಯಲ್ಲಿ ಕೂಲರ್ ಹಾಕಿಕೊಂಡು ಟೈಪ್ ಮಾಡುವಾಗ ಯಾವ ಪ್ಲಾಸ್ಟಿಕ್ಕಿಗೂ ಏನೂ ಆಗಲ್ಲ. ಕಾರಿನಲ್ಲಿ ಬಿಟ್ಟ ಬ್ಯಾಗು, ತಗಡಿನ ಶೆಡ್ಡಿನಲ್ಲಿ ಬಿದ್ದಿರುವ ಪಾರ್ಸೆಲ್ಲು, ಪೆಟ್ಟು ಬೀಳುವುದು ಅಲ್ಲಿ.

ಎಪಾಕ್ಸಿ ರೆಸಿನ್ ಒಮ್ಮೆ ಗಟ್ಟಿಯಾದ ಮೇಲೆ ಕರಗುವುದೇ ಇಲ್ಲ. ಆದರೆ ಮೆತ್ತಗಾಗುತ್ತದೆ. ಕೋಣೆಯ ಶಾಖದಲ್ಲೇ ಬಿಟ್ಟು ಗಟ್ಟಿ ಮಾಡಿದ ಎಷ್ಟೋ ಎಪಾಕ್ಸಿಗಳು 50-60 ಡಿಗ್ರಿಗೇ ಸಡಿಲ ಬೀಳುತ್ತವೆ. ನನ್ನ ಹತ್ತಿರ ಅಂಥದ್ದೊಂದು ಎಸ್ಕೇಪ್ ಕೀ ಇದೆ. ಮೇಲಿಂದ ನೋಡಿದರೆ ಏನೂ ಆಗಿಲ್ಲ, ಹೊಳಪೂ ಹಾಗೇ ಇದೆ. ತಿರುವಿ ನೋಡಬೇಕು. ಅಡಿಯಲ್ಲಿ ಸ್ವಿಚ್ಚಿಗೆ ಸಿಗಿಸುವ ಕೂಡು ಗುರುತಿನ ತೂತು ಇರುತ್ತದಲ್ಲ, ಸುಮಾರು 4 ಮಿಲಿಮೀಟರ್ ಉದ್ದ, ಒಂದಕ್ಕಿಂತ ಚೂರೇ ಜಾಸ್ತಿ ಅಗಲ. ಅದರ ಬಾಯಿ ಅಗಲವಾಗಿದೆ. ಕೂದಲೆಳೆಯಷ್ಟು ಸರಿದರೂ ಸಾಕು, ಹಿಡಿತ ಹೋಯಿತು. ಕೀಬೋರ್ಡ್ ತಲೆಕೆಳಗು ಮಾಡಿದರೆ ಅದೊಂದೇ ಟಪ್ ಅಂತ ಉದುರುತ್ತದೆ.

ಹಾಗಾಗಿ ಕರಗುವ ಡಿಗ್ರಿ ಹೇಳಿ ಜಂಭ ಪಡಬೇಡಿ. 3ಡಿ ಪ್ರಿಂಟ್‌ನ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಕರಗಲು 150ಕ್ಕಿಂತ ಜಾಸ್ತಿ ಬೇಕು, ಮೆತ್ತಗಾಗಲು 60 ಸಾಕು. ಪ್ರಿಂಟಿನದೇ ಇನ್ನೊಂದು ಪ್ಲಾಸ್ಟಿಕ್ ಪಿಇಟಿಜಿ ಮೆತ್ತಗಾಗುವುದು 80ರ ಹತ್ತಿರ, ಮಾಮೂಲಿ ಕೀಕ್ಯಾಪ್ ಪ್ಲಾಸ್ಟಿಕ್ ಎಬಿಎಸ್ 105ರ ಹತ್ತಿರ. ನಮ್ಮ ಕಾರಿನೊಳಗೆ ಎಬಿಎಸ್ ನಿಶ್ಚಿಂತೆಯಾಗಿ ಮಲಗಬಹುದು. ಎಬಿಎಸ್ ಕೀಗಳು ಮಿರಮಿರ ಮಿಂಚುವುದು ಬೆರಳು ಉಜ್ಜಿ ಉಜ್ಜಿ, ಬಿಸಿಲಿಗಲ್ಲ. ಹಳದಿ ತಿರುಗುವುದಕ್ಕೆ ಮಾತ್ರ ಬಿಸಿಲೇ ಕಾರಣ, ಆದರೆ ಅದರ ಶಾಖ ಅಲ್ಲ, ಯುವಿ ಕಿರಣ.

ಪಿಬಿಟಿ ಕೀಕ್ಯಾಪಿಗೆ ಬಳಸುವ ಇನ್ನೊಂದು ಜಾತಿಯ ಪ್ಲಾಸ್ಟಿಕ್. ಅದರ ಒಂದು ಭಾಗ 50-60ಕ್ಕೇ ಸಡಿಲವಾದರೂ ಒಳಗಿನ ಹರಳುಗಳು ಆಕಾರ ಹಿಡಿದು ನಿಲ್ಲಿಸುತ್ತವೆ. ಕರಗುವುದು ಸುಮಾರು 223ಕ್ಕೆ. ಅದಕ್ಕೇ 200 ಡಿಗ್ರಿ ಆಸುಪಾಸಿನ ಶಾಖದಲ್ಲಿ ಬಣ್ಣವನ್ನು ಒಳಗಿಳಿಸಿ ಅಕ್ಷರ ಮೂಡಿಸಲು ಅದು ಬೇಕು. ಎಬಿಎಸ್ ಆ ಶಾಖಕ್ಕೆ ಸೊಟ್ಟಗಾಗಿ ಕೂರುತ್ತದೆ. ಕೀಗಳ ಮೇಲೆ ಕನ್ನಡ ಅಕ್ಷರ ಹಾಕಿಸಬೇಕು ಅನ್ನುವವರು ಇದನ್ನು ನೆನಪಿಡಿ. ಇನ್ನು ಪಿಬಿಟಿ ಸ್ಪೇಸ್‌ಬಾರ್ ಬಿಲ್ಲಿನಂತೆ ಬಾಗಿದ್ದರೆ ನಮ್ಮ ಬಿಸಿಲನ್ನು ಬೈಯಬೇಡಿ. ಅಚ್ಚಿನಿಂದ ಬಂದು ಆರುವಾಗ ಅದು ಎಬಿಎಸ್‌ಗಿಂತ ಜಾಸ್ತಿ ಕುಗ್ಗುತ್ತದೆ, ಸಾಮಾನ್ಯವಾಗಿ ಹುಟ್ಟುವಾಗಲೇ ಸೊಟ್ಟ.

ಬೀದರಿನ ಬಿದ್ರಿ ಕೆಲಸದವರು ಸತುವಿನಲ್ಲಿ ಕೀಕ್ಯಾಪ್ ಎರಕ ಹೊಯ್ದರೆ ಈ ರಗಳೆಯೇ ಇಲ್ಲ, ಸತು ಕರಗಲು 419 ಡಿಗ್ರಿ ಬೇಕು. ಪಾಪ, ಸ್ವಿಚ್ಚಿನ ಸ್ಪ್ರಿಂಗು ಆ ಭಾರ ಹೊರಬೇಕಲ್ವಾ!

ರೆಸಿನ್ನಿನವರಿಗೆ ದಾರಿ ಇಲ್ಲ ಅಂತಲ್ಲ. ಶಾಖ ತಡೆಯುವ ರೆಸಿನ್ ಆರಿಸಿ, ಗಟ್ಟಿಯಾದ ಮೇಲೆ ಅದರ ಕಂಪನಿ ಹೇಳಿದಷ್ಟು ಡಿಗ್ರಿಗೆ ನಿಧಾನವಾಗಿ ಏರಿಸಿ ಕೆಲವು ಗಂಟೆ ಕಾಯಿಸಿದರೆ ಮೆತ್ತಗಾಗುವ ಡಿಗ್ರಿ ಮೇಲೆ ಹೋಗುತ್ತದೆ. (ಅಡುಗೆ ಓವನ್‌ನಲ್ಲಿ ಬೇಡ ರೀ, ಅದರಲ್ಲೇ ಊಟ ಮಾಡಬೇಕು.) ಬಹಳ ಜನ ಇದೊಂದು ಕೆಲಸವನ್ನೇ ಬಿಟ್ಟುಬಿಡುತ್ತಾರೆ.

ಕೊಳ್ಳುವವರು ಹೀಗೆ ಕೇಳಿ: ಯಾವ ರೆಸಿನ್, ಆಮೇಲೆ ಕಾಯಿಸಿದ್ದೀರಾ, ಎಷ್ಟಕ್ಕೆ ಮೆತ್ತಗಾಗುತ್ತದೆ? ಮಾಡುವವರು ಕೆಟ್ಟ ಎರಕದ ಒಂದು ತುಂಡನ್ನು ಥರ್ಮಾಮೀಟರ್ ಇಟ್ಟು 65 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಲಿ. ಇಕ್ಕಳದಿಂದ ತೆಗೆದು ಬಿಸಿ ಇರುವಾಗಲೇ ಅಡಿಯ ಗೋಡೆಯನ್ನು ಒತ್ತಲಿ. ತಗ್ಗು ಬಿದ್ದರೆ ಕಲಬುರಗಿಯ ಆರ್ಡರ್ ತಗೊಳ್ಳಬೇಡಿ.