ಇನ್ನೆರಡೇ ಪರ್ಸೆಂಟ್ ಬಾಕಿ

ದೇಶ ಉದ್ಧಾರ ಆಗಬೇಕಾದರೆ ಬಂಡವಾಳ ಹೂಡಬೇಕು. ಯಾವ ಅರ್ಥಶಾಸ್ತ್ರಜ್ಞನನ್ನು ಕೇಳಿದರೂ ಇಷ್ಟು ಹೇಳುತ್ತಾನೆ. ಹೂಡಿದ ಮೇಲೆ ಅಲ್ಲಿ ಏನಾದರೂ ನಡೆಯಬೇಕಾ ಅಂತ ಕೇಳಿ ನೋಡಿ, ಸ್ವಲ್ಪ ಕೆಮ್ಮುತ್ತಾನೆ. ಆ ಕೆಮ್ಮಿನ ವಿಷಯದಲ್ಲಿ ಲೋಕಕ್ಕೇ ಪಾಠ ಹೇಳಬಲ್ಲ ದೇಶವೊಂದಿದೆ, ನೈಜೀರಿಯಾ. ಐವತ್ತು ವರ್ಷದಿಂದ ಅಲ್ಲಿ ಹೂಡುವ ಕೆಲಸ ನಿಂತೇ ಇಲ್ಲ. ನಿಂತಿರುವುದು ಹೂಡಿದ್ದು ಮಾತ್ರ.

ಸಿಮೆಂಟಿನಿಂದಲೇ ಶುರು ಮಾಡೋಣ. ಕಟ್ಟುವ ಕೆಲಸ ಶುರುವಾಗುವುದೇ ಅಲ್ಲಿಂದ ತಾನೇ.

1973ರಲ್ಲಿ ಜಗತ್ತಿನ ತೈಲದ ಬೆಲೆ ಗಗನಕ್ಕೆ ಹಾರಿತು. ನೈಜೀರಿಯಾದಲ್ಲಿ ಆಗ ಜನರಲ್ ಯಾಕುಬು ಗೋವನ್ ಅವರ ಮಿಲಿಟರಿ ಸರ್ಕಾರ. ಬೊಕ್ಕಸದಲ್ಲಿ ಡಾಲರ್ ತುಂಬಿ ತುಳುಕುತ್ತಿತ್ತು. ರಸ್ತೆ ಬೇಕು, ಸೇತುವೆ ಬೇಕು, ಸೈನಿಕರಿಗೆ ಬ್ಯಾರಕ್ ಬೇಕು. ಸರಿ, ಸಿಮೆಂಟ್ ತರಿಸೋಣ ಅಂದರು. ತರಿಸಿದ್ದು ಎಷ್ಟು ಗೊತ್ತಾ? 68 ಮಾರಾಟಗಾರರ ಜೊತೆ 109 ಒಪ್ಪಂದ, ಒಟ್ಟು 1.6 ಕೋಟಿ ಟನ್ನಿಗೂ ಜಾಸ್ತಿ. ಲಾಗೋಸಿನ ಬಂದರಿಗೆ ಒಂದು ವರ್ಷದಲ್ಲಿ ಇದರ ಸಣ್ಣದೊಂದು ಪಾಲನ್ನು ಇಳಿಸಿಕೊಳ್ಳುವ ತಾಕತ್ತೂ ಇರಲಿಲ್ಲ.

ಹಾಗಾದರೆ ಅಷ್ಟೊಂದು ಆರ್ಡರ್ ಕೊಟ್ಟಿದ್ದಾದರೂ ಯಾಕೆ? ಇದಕ್ಕೆ ಉತ್ತರ ಮುಂದೆ ಅಮೆರಿಕದ ಕೋರ್ಟಿನ ಕಡತದಲ್ಲಿ ಸಿಕ್ಕಿತು. ಆರ್ಡರ್ ತೆಗೆದುಕೊಂಡವರಲ್ಲಿ ನೂರಕ್ಕೆ ಇಪ್ಪತ್ತು ಮಂದಿಯಷ್ಟೇ ಮಾಲು ಕಳಿಸುತ್ತಾರೆ, ಉಳಿದವರು ಕೈಕೊಡುತ್ತಾರೆ ಎಂಬುದು ಸರ್ಕಾರದ ಅಂದಾಜಾಗಿತ್ತಂತೆ. ವ್ಯಾಪಾರಿಗಳ ಅಪ್ರಾಮಾಣಿಕತೆಯ ಮೇಲೆ ಇಷ್ಟೊಂದು ಭರವಸೆ ಇಟ್ಟ ಇನ್ನೊಂದು ಸರ್ಕಾರವನ್ನು ನಾನಂತೂ ಕೇಳಿಲ್ಲ. ಪಾಪ, ನಂಬಿಕೆದ್ರೋಹ ಆಯಿತು. ವ್ಯಾಪಾರಿಗಳು ಹೇಳಿದ ಮಾತಿಗೆ ತಪ್ಪದೆ ಮಾಲು ಹೇರಿ ಕಳಿಸಿಬಿಟ್ಟರು.

1975ರ ಹೊತ್ತಿಗೆ ಲಾಗೋಸ್ ಎದುರಿನ ಸಮುದ್ರದಲ್ಲಿ 400ಕ್ಕೂ ಹೆಚ್ಚು ಹಡಗು ಲಂಗರು ಹಾಕಿ ಕೂತಿದ್ದವು. ಬಹುಪಾಲು ಹಡಗಿನ ಹೊಟ್ಟೆಯಲ್ಲಿ ಸಿಮೆಂಟ್. ಕಾಯುವ ಪ್ರತಿ ದಿನಕ್ಕೂ ಸರ್ಕಾರ ಡೆಮರೇಜ್, ಅಂದರೆ ಹಡಗನ್ನು ಕಾಯಿಸಿದ ದಂಡ, ಕಟ್ಟಬೇಕು. ಒಂದೊಂದು ಹಡಗಿಗೆ ದಿನಕ್ಕೆ ಸಾವಿರಗಟ್ಟಲೆ ಡಾಲರ್. ಹಡಗಿನವರಿಗೆ ಸಾಮಾನು ಇಳಿಸಿ ಗಳಿಸುವುದಕ್ಕಿಂತ ಇಳಿಸದೆ ಕೂತರೇ ಲಾಭ. ಗುಜರಿಗೆ ಹೋಗಬೇಕಾದ ಮುದಿ ಹಡಗುಗಳಿಗೂ ಬಣ್ಣ ಬಳಿದು ಲಾಗೋಸಿಗೆ ತಂದು ನಿಲ್ಲಿಸಿದರು ಅಂತ ಆಗಲೇ ಜನ ಆಡಿಕೊಳ್ಳುತ್ತಿದ್ದರು. ಸಮುದ್ರದ ತೇವ ಸುಮ್ಮನಿರುತ್ತದಾ? ಚೀಲದೊಳಗೇ ಸಿಮೆಂಟ್ ಗಟ್ಟಿಯಾಗತೊಡಗಿತು. ಒಟ್ಟಿನಲ್ಲಿ ಕಾಂಕ್ರೀಟ್ ಆಗುವುದಂತೂ ಆಯಿತು. ನೆಲದ ಮೇಲೆ ಆಗಬೇಕಿತ್ತು, ಅಷ್ಟೇ.

ಆ ವರ್ಷ ಜುಲೈನಲ್ಲಿ ಗೋವನ್ ಆಫ್ರಿಕಾದ ದೇಶಗಳ ಸಭೆಗೆಂದು ಕಂಪಾಲಾಕ್ಕೆ ಹೋದರು. ಹಿಂದಿನಿಂದ ಅವರ ಸೈನಿಕರೇ ಅವರನ್ನು ಇಳಿಸಿದರು. ಸಿಮೆಂಟ್ ಮಾತ್ರ ಇಳಿಯಲಿಲ್ಲ. ಹೊಸ ಸರ್ಕಾರ ಒಪ್ಪಂದಗಳನ್ನೆಲ್ಲ ಮುರಿಯಿತು, ಮಾರಿದವರು ಲಂಡನ್, ನ್ಯೂಯಾರ್ಕ್ ಕೋರ್ಟುಗಳ ಮೆಟ್ಟಿಲು ಹತ್ತಿದರು. 1977ರಲ್ಲಿ ಇಂಗ್ಲೆಂಡಿನ ಲಾರ್ಡ್ ಡೆನ್ನಿಂಗ್, ವ್ಯಾಪಾರಕ್ಕೆ ಇಳಿದ ಮೇಲೆ ಸಾರ್ವಭೌಮತ್ವದ ಗುರಾಣಿ ಹಿಡಿಯುವ ಹಾಗಿಲ್ಲ ಎಂದು ತೀರ್ಪು ಕೊಟ್ಟರು. ಆ ತೀರ್ಪು ಅಂತರರಾಷ್ಟ್ರೀಯ ಕಾನೂನು ಓದುವವರಿಗೆ ಇವತ್ತಿಗೂ ಪಾಠ. ಆ ಸಿಮೆಂಟಿನಿಂದ ಎದ್ದದ್ದರಲ್ಲಿ ಬಿರುಕು ಬಿಡದೆ ನಿಂತಿರುವುದು ಬಹುಶಃ ಅದೊಂದೇ.

ಇಷ್ಟಾದ ಮೇಲೆ ಬುದ್ಧಿ ಬಂದಿರಬೇಕು ಅಂತೀರಾ? ಬಂತು. ಸಿಮೆಂಟ್ ಬಿಟ್ಟು ಉಕ್ಕಿಗೆ ಕೈ ಹಾಕಿದರು.

ಕೋಗಿ ರಾಜ್ಯದಲ್ಲಿ, ನೈಜರ್ ನದಿಯ ದಡದಲ್ಲಿ, ಅಜಾವೋಕುಟ ಅಂತ ಊರು. 1979ರಲ್ಲಿ ಸೋವಿಯತ್ ಒಕ್ಕೂಟದ ಕಂಪನಿಯ ಜೊತೆ ಒಪ್ಪಂದವಾಯಿತು, ಆಫ್ರಿಕಾದ ದೊಡ್ಡ ಉಕ್ಕಿನ ಕಾರ್ಖಾನೆ ಇಲ್ಲಿ ಎದ್ದು ನಿಲ್ಲುತ್ತದೆ ಅಂತ. ಎದ್ದು ನಿಂತೂ ಬಿಟ್ಟಿತು. ಕುಲುಮೆ ಇದೆ. ರೋಲಿಂಗ್ ಮಿಲ್ ಇದೆ. ಅದರದ್ದೇ ಕರೆಂಟಿನ ಘಟಕ ಇದೆ. ಒಳಗೇ 68 ಕಿಲೋಮೀಟರ್ ರಸ್ತೆ, ಕೆಲಸಗಾರರಿಗೆ 24 ಬಡಾವಣೆ. ಒಂದೇ ಒಂದು ಸಣ್ಣ ಕೊರತೆ. ಆ ಕುಲುಮೆಯಿಂದ ಈವರೆಗೆ ಉಕ್ಕು ಹೊರಬಂದಿಲ್ಲ.

1994ರಲ್ಲೇ ಕಾರ್ಖಾನೆ ಶೇ. 98ರಷ್ಟು ಮುಗಿದಿದೆ ಎಂದು ಘೋಷಣೆಯಾಯಿತು. ಅಂದಿನಿಂದ ಎಷ್ಟು ಸರ್ಕಾರ ಬಂದವು, ಎಷ್ಟು ಹೋದವು. ಬಂದ ಮಂತ್ರಿಯೆಲ್ಲ ಹೆಲ್ಮೆಟ್ ಹಾಕಿಕೊಂಡು ಹೋಗಿ ನೋಡಿ, "98 ಮುಗಿದಿದೆ, ಇನ್ನೆರಡೇ ಪರ್ಸೆಂಟ್" ಎಂಬ ಅರ್ಥದ ಮಾತಾಡಿ ಬರುತ್ತಾರೆ. ಮೂವತ್ತು ವರ್ಷ ದಾಟಿದರೂ ಆ ಅಂಕಿ 97ಕ್ಕೆ ಇಳಿಯಲಿಲ್ಲ, 99ಕ್ಕೆ ಏರಲಿಲ್ಲ. ತುಕ್ಕು ಹಿಡಿದ ಮೇಲೆ ಒಂದೆರಡು ಪರ್ಸೆಂಟ್ ಕಮ್ಮಿ ಆಗಬೇಕಲ್ವಾ? ಕಬ್ಬಿಣಕ್ಕೆ ತುಕ್ಕು ಹಿಡಿಯಿತು, ಪರ್ಸೆಂಟಿಗೆ ಹಿಡಿಯಲಿಲ್ಲ. ಕಟ್ಟಲು ಬಂದ ಸೋವಿಯತ್ ಒಕ್ಕೂಟವೇ ನೂರಕ್ಕೆ ನೂರು ಮುಗಿದುಹೋಯಿತು, ಕಾರ್ಖಾನೆ ಮುಗಿಯಲಿಲ್ಲ.

ಅದಿರು ತರಲು ಇಟಾಕ್ಪೆ ಗಣಿಯಿಂದ ಅಜಾವೋಕುಟದ ಮೇಲೆ ವಾರಿ ಬಂದರಿನವರೆಗೆ ರೈಲು ಹಳಿ ಹಾಕಬೇಕೆಂದು 1987ರಲ್ಲಿ ಕೆಲಸ ಶುರುವಾಯಿತು. ಉದ್ದ ಸುಮಾರು 320 ಕಿಲೋಮೀಟರ್. ಉದ್ಘಾಟನೆ ಆದದ್ದು 2020ರಲ್ಲಿ. ಲೆಕ್ಕ ಹಾಕಿದರೆ ವರ್ಷಕ್ಕೆ ಹತ್ತು ಕಿಲೋಮೀಟರ್‌ಗೂ ಕಮ್ಮಿ. ಈಗ ಆ ಹಳಿಯ ಮೇಲೆ ಪ್ರಯಾಣಿಕರು ಆರಾಮಾಗಿ ಓಡಾಡುತ್ತಾರೆ. ಕಾರ್ಖಾನೆಗೆ ಅದಿರು ಬೇಕಾಗಿಲ್ಲವಲ್ಲ.

ಮಧ್ಯದಲ್ಲಿ ನಮ್ಮವರ ಪಾತ್ರವೂ ಬರುತ್ತದೆ. 2004ರಲ್ಲಿ ಭಾರತೀಯ ಉಕ್ಕಿನ ಉದ್ಯಮಿಯೊಬ್ಬರ ಕಂಪನಿಗೆ ಅಜಾವೋಕುಟವನ್ನು ವಹಿಸಿದರು. 2008ರಲ್ಲಿ ಅಧ್ಯಕ್ಷ ಯಾರ್'ಅಡುವ ಅವರ ಸರ್ಕಾರ ಒಪ್ಪಂದ ರದ್ದು ಮಾಡಿತು. ಕಂಪನಿ ಬಿಡುತ್ತದಾ, ನೂರಾರು ಕೋಟಿ ಡಾಲರ್ ಪರಿಹಾರ ಕೊಡಿ ಎಂದು ಅಂತರರಾಷ್ಟ್ರೀಯ ಪಂಚಾಯ್ತಿಗೆ ಎಳೆಯಿತು. 2022ರಲ್ಲಿ 49.6 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. ಉಕ್ಕು ಬಾರದ ಕಾರ್ಖಾನೆಯಿಂದಲೂ ದುಡ್ಡು ಹುಟ್ಟುತ್ತದೆ ಎಂದು ಕೊನೆಗೂ ಸಾಬೀತಾಯಿತು. ಹುಟ್ಟಿದ್ದು ಯಾರಿಗೆ ಎಂಬುದು ಬೇರೆ ಮಾತು. 2024ರಲ್ಲಿ ಮತ್ತೆ ಹಳೆಯ ಗಂಡನ ಪಾದವೇ ಗತಿ ಅಂತ ಮೊದಲು ಕಟ್ಟಿದ ರಷ್ಯಾದ ಕಂಪನಿಯ ಜೊತೆಗೇ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದ್ದಾರೆ.

ಈಗ ಲೆಕ್ಕದ ಪುಸ್ತಕ ತೆರೆಯೋಣ. ನನಗೆ ತುಂಬ ಇಷ್ಟವಾದ ಭಾಗ ಇದು.

ದೇಶದ ಒಟ್ಟು ಉತ್ಪನ್ನದಲ್ಲಿ ಕಟ್ಟಡ, ಯಂತ್ರ, ರಸ್ತೆಗೆಂದು ಹೋದ ಪಾಲು ಎಷ್ಟು ಅಂತ ಒಂದು ಅಂಕಿ ಇರುತ್ತದೆ. ಸ್ಥಿರ ಬಂಡವಾಳ ರಚನೆ ಅಂತ ಅದರ ಹೆಸರು. ಅಲ್ಲಿ ಬರೆಯುವುದು ಎಷ್ಟು ಖರ್ಚಾಯಿತು ಎಂಬುದನ್ನು. ಕಟ್ಟಿದ್ದು ಓಡುತ್ತಿದೆಯೋ ಮಲಗಿದೆಯೋ ಎಂದು ಕೇಳುವ ಕಾಲಮ್ಮೇ ಅಲ್ಲಿಲ್ಲ. ಅಜಾವೋಕುಟಕ್ಕೆ ಸುರಿದ ದುಡ್ಡೆಲ್ಲ ಆಯಾ ವರ್ಷ ಹೂಡಿಕೆ ಎಂದು ಗೌರವದಿಂದ ದಾಖಲಾಗಿದೆ.

ನೈಜೀರಿಯಾದ ಈ ಅಂಕಿಯ ಈಗಿನ ಪರಿಷ್ಕೃತ ಪಟ್ಟಿಯನ್ನು ವಿಶ್ವಬ್ಯಾಂಕಿನಲ್ಲಿ ನೋಡಿ. 1981ರಲ್ಲಿ ಶೇ. 80ಕ್ಕೂ ಜಾಸ್ತಿ! ಅಂದರೆ ಅಲ್ಲಿನ ದುಡ್ಡಾದ ನೈರಾದಲ್ಲಿ ನೂರು ದುಡಿದರೆ ಎಂಬತ್ತಕ್ಕೂ ಹೆಚ್ಚನ್ನು ಯಂತ್ರಕ್ಕೆ, ಕಟ್ಟಡಕ್ಕೆ ಹಾಕಿದ್ದಾರೆ. ಉಳಿದ ಚಿಲ್ಲರೆಯಲ್ಲಿ ಇಡೀ ದೇಶ ಉಂಡು, ಉಟ್ಟು, ಮಕ್ಕಳ ಮದುವೆ ಮಾಡಿದೆ. ಚೀನಾ ತನ್ನ ಓಟದ ದಿನಗಳಲ್ಲೂ ಶೇ. 45ರ ಆಸುಪಾಸಿನಲ್ಲೇ ಏದುಸಿರು ಬಿಡುತ್ತಿತ್ತು. 1981ನ್ನು ಕಣ್ಣಾರೆ ಕಂಡ ಹಿರಿಯರಿಗೆ ಈ ಉಪವಾಸದ ನೆನಪಿರಲಿಕ್ಕಿಲ್ಲ. ಇಂಥ ವೈಭವ ಹಿಂದಿನಿಂದ ಲೆಕ್ಕ ತಿದ್ದಿದಾಗ ಬರುತ್ತದೆ. ಅಲ್ಲಿಂದ ಅಂಕಿ ಇಳಿಯುತ್ತಾ ಇಳಿಯುತ್ತಾ 2013ರ ಹೊತ್ತಿಗೆ ಶೇ. 15ರ ಹತ್ತಿರ ಬಂತು. ಆಮೇಲೆ ಮತ್ತೆ ಏರಿತು. ಈ ಗೆರೆಯನ್ನು ಹಿಡಿದುಕೊಂಡು ದೀರ್ಘಾವಧಿ ಪ್ರವೃತ್ತಿ ಅಂತ ಪ್ರಬಂಧ ಬರೆಯುವವರ ಧೈರ್ಯಕ್ಕೆ ಕೈಮುಗಿಯಬೇಕು.

2014ರ ಏಪ್ರಿಲ್‌ನಲ್ಲಿ ಇನ್ನೊಂದು ಪವಾಡ ನಡೆಯಿತು. ದೇಶದ ಒಟ್ಟು ಉತ್ಪನ್ನವನ್ನು ಯಾವ ವರ್ಷದ ಬೆಲೆ, ಉದ್ಯಮಗಳನ್ನು ಆಧಾರವಾಗಿ ಹಿಡಿದು ಅಳೆಯುತ್ತಾರೋ ಅದು ಮೂಲ ವರ್ಷ. ಅಲ್ಲಿವರೆಗೆ 1990ನ್ನು ಮೂಲ ವರ್ಷ ಮಾಡಿಕೊಂಡು ಲೆಕ್ಕ ಹಾಕುತ್ತಿದ್ದವರು 2010ಕ್ಕೆ ಬದಲಾಯಿಸಿದರು. ಮೊಬೈಲು ಸೇರಿತು, ನಾಲಿವುಡ್ ಎಂಬ ಅಲ್ಲಿನ ಸಿನಿಮಾ ಉದ್ಯಮ ಸೇರಿತು. ತಪ್ಪೇನಿಲ್ಲ, ಸೇರಿಸಬೇಕಾದದ್ದೇ. ಶನಿವಾರ ರಾತ್ರಿ ಸುಮಾರು 27,000 ಕೋಟಿ ಡಾಲರ್‌ನ ಆರ್ಥಿಕತೆಯಾಗಿ ಮಲಗಿದ ದೇಶ ಭಾನುವಾರ 51,000 ಕೋಟಿ ಡಾಲರ್ ಆಗಿ ಎದ್ದಿತು. ದಕ್ಷಿಣ ಆಫ್ರಿಕಾವನ್ನು ಹಿಂದೆ ಹಾಕಿ ಖಂಡಕ್ಕೇ ನಂಬರ್ ಒನ್. ಇದಕ್ಕಾಗಿ ಒಂದು ಇಟ್ಟಿಗೆ ಇಡಬೇಕಾಗಲಿಲ್ಲ. ಖರ್ಚಿಲ್ಲದೆ ಫಲ ಕೊಟ್ಟ ಹೂಡಿಕೆ ನೈಜೀರಿಯಾದ ಚರಿತ್ರೆಯಲ್ಲಿ ಇದೊಂದೇ ಇರಬೇಕು. 2025ರ ಜುಲೈನಲ್ಲಿ ಮತ್ತೊಮ್ಮೆ ಮೂಲ ವರ್ಷ ಬದಲಾಯಿತು. ಅಷ್ಟರಲ್ಲಿ ನೈರಾ ಕುಸಿದು ಕೂತಿತ್ತು. ಹೊಸ ಲೆಕ್ಕ ಸೇರಿಸಿದರೂ ಬಂದದ್ದು ಸುಮಾರು 24,300 ಕೋಟಿ ಡಾಲರ್, ಖಂಡದಲ್ಲಿ ನಾಲ್ಕನೇ ಸ್ಥಾನ.

ಕರೆಂಟಿನ ಕತೆಗೆ ಬಂದರೆ ಹೂಡಿಕೆ ಇನ್ನೂ ಚುರುಕು. ದೇಶದಲ್ಲಿ 20 ಕೋಟಿಗೂ ಹೆಚ್ಚು ಜನ. ಸ್ಥಾಪಿತ ಸಾಮರ್ಥ್ಯ ಸುಮಾರು 13,000 ಮೆಗಾವಾಟ್, ತಂತಿಯಲ್ಲಿ ಹರಿಯುವುದು ನಾಲ್ಕೈದು ಸಾವಿರ. ವಿದ್ಯುತ್ ಮಂಡಳಿಯ ಹಳೆಯ ಹೆಸರು ನೇಪಾ. ಕರೆಂಟ್ ಬಂದ ಕೂಡಲೇ ಬೀದಿಯ ಮಕ್ಕಳೆಲ್ಲ "ಅಪ್ ನೇಪಾ!" ಅಂತ ಕೂಗಿ ಕುಣಿಯುತ್ತವೆ. ಮಂಡಳಿಯ ಹೆಸರು ಬದಲಾಗಿ, ಅದನ್ನು ಹೋಳು ಮಾಡಿ ಖಾಸಗಿಯವರಿಗೆ ಕೊಟ್ಟು ಹತ್ತು ವರ್ಷ ದಾಟಿದೆ. ಮಕ್ಕಳು ಕೂಗುವುದು ನೇಪಾ ಅಂತಲೇ. ಅವರಿಗೆ ವ್ಯತ್ಯಾಸ ಕಂಡಿಲ್ಲ.

ಹಾಗಾಗಿ ಅಂಗಡಿ, ಬ್ಯಾಂಕು, ಆಸ್ಪತ್ರೆ, ಮೊಬೈಲ್ ಟವರ್ ಎಲ್ಲಕ್ಕೂ ಜನರೇಟರೇ ಗತಿ. ಬಡವರ ಮನೆಗೊಂದು ಪುಟ್ಟ ಜನರೇಟರ್ ಇದೆ, ಎತ್ತಿಕೊಂಡು ಹೋಗುವಷ್ಟು ಹಗುರ. ಅದಕ್ಕೆ ಜನ ಇಟ್ಟ ಹೆಸರು "ಐ ಬೆಟರ್ ಪಾಸ್ ಮೈ ನೇಬರ್". ಪಕ್ಕದ ಮನೆಯವನಿಗಿಂತ ನಾನೇ ಮೇಲು ಅಂತ. ಒಂದು ಬಲ್ಬು, ಒಂದು ಫ್ಯಾನು, ಟಿವಿ, ಜೊತೆಗೆ ಇಡೀ ಬೀದಿಗೆ ಹೊಗೆ. ತಮಾಷೆ ನೋಡಿ, ಕಂಪನಿಗಳು ಕೊಂಡ ಜನರೇಟರ್‌ಗಳೆಲ್ಲ ಲೆಕ್ಕದಲ್ಲಿ ಯಂತ್ರೋಪಕರಣದ ಹೂಡಿಕೆ. ಸರ್ಕಾರ ಕರೆಂಟ್ ಕೊಡದಷ್ಟೂ ಖಾಸಗಿ ಬಂಡವಾಳ ರಚನೆ ಹೆಚ್ಚುತ್ತದೆ. ನಾಳೆ ಯಾರಾದರೂ ದಿನವಿಡೀ ಕರೆಂಟ್ ಕೊಟ್ಟುಬಿಟ್ಟರೆ ಈ ಹೂಡಿಕೆಗೆ ಕಲ್ಲು ಬೀಳುತ್ತದೆ. ಅಂಥ ಅಪಾಯವೇನೂ ಸದ್ಯಕ್ಕಿಲ್ಲ. ಮಂಬಿಲ್ಲಾ ಎಂಬಲ್ಲಿ 3,050 ಮೆಗಾವಾಟ್‌ನ ಜಲವಿದ್ಯುತ್ ಯೋಜನೆಯ ಯೋಚನೆ ಹುಟ್ಟಿದ್ದು 1972ರಲ್ಲಿ. ಆಣೆಕಟ್ಟು ಇನ್ನೂ ಇಲ್ಲ. ಅದರ ಗುತ್ತಿಗೆಯ ವ್ಯಾಜ್ಯ ಮಾತ್ರ ಪ್ಯಾರಿಸ್‌ವರೆಗೆ ಹರಿದಿದೆ.

ತೈಲದ ದೇಶಕ್ಕೆ ಪೆಟ್ರೋಲ್ ಹೊರಗಿನಿಂದ ಬರುತ್ತಿದ್ದ ವಿಷಯ ಎಲ್ಲರಿಗೂ ಗೊತ್ತು. ಸರ್ಕಾರದ ನಾಲ್ಕು ಸಂಸ್ಕರಣಾಗಾರಗಳ ಒಟ್ಟು ಸಾಮರ್ಥ್ಯ ದಿನಕ್ಕೆ 4,45,000 ಬ್ಯಾರೆಲ್. ಪೋರ್ಟ್ ಹಾರ್ಕೋರ್ಟ್‌ನದ್ದನ್ನು ರಿಪೇರಿ ಮಾಡಲು 2021ರಲ್ಲಿ 150 ಕೋಟಿ ಡಾಲರ್ ಮಂಜೂರಾಯಿತು. 2024ರ ನವೆಂಬರಿನಲ್ಲಿ ಭರ್ಜರಿಯಾಗಿ ಮತ್ತೆ ಶುರುವಾಯಿತು. 2025ರ ಮೇನಲ್ಲಿ ಮುಚ್ಚಿತು. ಯಾಕೆ? ರಿಪೇರಿಗೆ. ಅತ್ತ ಲಾಗೋಸಿನ ಕಡೆ ಡಾಂಗೋಟೆ ಎಂಬ ಖಾಸಗಿ ಉದ್ಯಮಿ, ನಮ್ಮ ಎಂಜಿನಿಯರ್ಸ್ ಇಂಡಿಯಾದವರ ಕೈ ಹಿಡಿದು, ದಿನಕ್ಕೆ 6,50,000 ಬ್ಯಾರೆಲ್‌ನ ಸಂಸ್ಕರಣಾಗಾರ ಕಟ್ಟಿ ಓಡಿಸಿ ತೋರಿಸಿದ. ಸಂಪ್ರದಾಯಕ್ಕೆ ಇಂಥ ಅಪಚಾರ ಆಗಬಾರದಿತ್ತು.

ನೈಜರ್ ನದಿಯ ಎರಡನೇ ಸೇತುವೆಯನ್ನು ಹೇಳದೆ ಬಿಟ್ಟರೆ ಅನ್ಯಾಯ. ಅಸಾಬಾ, ಒನಿಚಾ ನಡುವೆ 1965ರಲ್ಲಿ ಮೊದಲ ಸೇತುವೆ ಬಂತು. ಎರಡನೆಯದರ ಭರವಸೆ 1970ರ ದಶಕದ ಕೊನೆಯ ಚುನಾವಣಾ ಭಾಷಣಗಳಲ್ಲೇ ಇತ್ತು. 2007ರಲ್ಲಿ ಅಧ್ಯಕ್ಷ ಒಬಸಾಂಜೊ ಇನ್ನೇನು ಕುರ್ಚಿ ಬಿಡುವ ಹೊತ್ತಿಗೆ ಕಾಮಗಾರಿಗೆ ಚಾಲನೆ ಕೊಟ್ಟರು. 2014ರಲ್ಲಿ ಅಧ್ಯಕ್ಷ ಜೊನಾಥನ್ ಮತ್ತೆ ಚಾಲನೆ ಕೊಟ್ಟರು. 2023ರಲ್ಲಿ ನಿಜವಾಗಿಯೂ ಉದ್ಘಾಟನೆಯಾಯಿತು. ಇಷ್ಟು ಹೊತ್ತಿಗೆ ಹಾಕಿದ ಶಂಕುಸ್ಥಾಪನೆಯ ಕಲ್ಲುಗಳನ್ನೇ ಸಾಲಾಗಿ ಇಟ್ಟಿದ್ದರೆ ಹೊಳೆ ದಾಟಬಹುದಿತ್ತೇನೋ.

ಇವೆಲ್ಲ ಬಿಡಿಬಿಡಿ ಕತೆಗಳು ಅನ್ನುವವರಿಗೆ ಸರ್ಕಾರವೇ ನೇಮಿಸಿದ ಸಮಿತಿಯ ಲೆಕ್ಕ ಇದೆ. 2011ರಲ್ಲಿ ಅದು ಎಣಿಸಿದಾಗ ಅರ್ಧಕ್ಕೆ ನಿಂತ ಕೇಂದ್ರ ಸರ್ಕಾರದ ಯೋಜನೆಗಳು 11,886. ಮುಗಿಸಲು 7.78 ಲಕ್ಷ ಕೋಟಿ ನೈರಾ ಬೇಕು ಅಂದಿತು. ನೋಡಿ, ಎಣಿಸುವ ಕೆಲಸವಾದರೂ ಪೂರ್ತಿಯಾಯಿತು.

ಆ ಸಾಲಿನದೇ ಆದ ಇನ್ನೊಂದು ಕಟ್ಟಡ ರಾಜಧಾನಿ ಅಬುಜಾದಲ್ಲಿದೆ, ರಾಷ್ಟ್ರೀಯ ಗ್ರಂಥಾಲಯ. 2006ರಲ್ಲಿ ಗುತ್ತಿಗೆ ಕೊಟ್ಟರು, 22 ತಿಂಗಳಲ್ಲಿ ಮುಗಿಯಬೇಕಿತ್ತು. ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಕಾಂಕ್ರೀಟ್ ಗೂಡಾಗಿಯೇ ನಿಂತಿತು. 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟಿನುಬು ಅವರ ಹೆಂಡತಿ ಒಲುರೆಮಿ ಅವರಿಗೆ 65 ತುಂಬಿತು. ನನಗೆ ಉಡುಗೊರೆ ಬೇಡ, ಪತ್ರಿಕೆಗಳಲ್ಲಿ ಶುಭಾಶಯದ ಜಾಹೀರಾತೂ ಬೇಡ, ಆ ದುಡ್ಡನ್ನು ಗ್ರಂಥಾಲಯ ಮುಗಿಸಲು ಕೊಡಿ ಎಂದು ಕೇಳಿಕೊಂಡರು. ಕೆಲವೇ ದಿನಗಳಲ್ಲಿ 2,000 ಕೋಟಿ ನೈರಾಕ್ಕೂ ಜಾಸ್ತಿ ಬಂದು ಬಿತ್ತು. ಇಪ್ಪತ್ತು ಬಜೆಟ್‌ಗಳ ಕೈಲಿ ಆಗದ್ದು ಒಂದು ಹುಟ್ಟುಹಬ್ಬದಲ್ಲಿ ಆಯಿತು. ಅಜಾವೋಕುಟದವರು ಈಗಲೇ ಹೋಗಿ ಅಧ್ಯಕ್ಷರ ಮನೆಯವರೆಲ್ಲರ ಜನ್ಮದಿನ ಕೇಳಿಕೊಂಡು ಬರುವುದು ಒಳ್ಳೆಯದು. ಇನ್ನು ಈ 2,000 ಕೋಟಿಯನ್ನು ಸರ್ಕಾರಿ ಹೂಡಿಕೆ ಅಂತ ಬರೆಯಬೇಕೋ, ಖಾಸಗಿ ಹೂಡಿಕೆ ಅಂತಲೋ, ಉಡುಗೊರೆ ಅಂತಲೋ? ಅದು ಲೆಕ್ಕದ ಇಲಾಖೆಯವರ ತಲೆನೋವು. ತೀರಾ ಗೊತ್ತಾಗದಿದ್ದರೆ ಮೂಲ ವರ್ಷ ಇನ್ನೊಮ್ಮೆ ಬದಲಾಯಿಸಿದರಾಯಿತು.