ಸಂಬಳವಿಲ್ಲದ ಸೇಲ್ಸ್‌ಮ್ಯಾನ್

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ನಾಯಿ ಕೂಡ ನೆರಳು ಬಿಟ್ಟು ಏಳುವುದಿಲ್ಲ. ಹೋದ ರವಿವಾರ ನಾನೂ ಕೂಲರ್ ಮುಂದೆ ಅಡ್ಡಾಗಿ ‘ದಿ ಜೋನ್ಸಸ್’ ಅನ್ನೋ ಹಾಲಿವುಡ್ ಸಿನಿಮಾ ಹಾಕಿದೆ. 2009ರದ್ದು. ಡೇವಿಡ್ ಡುಕಾವ್ನಿ, ಡೆಮಿ ಮೂರ್ ಗಂಡ ಹೆಂಡತಿ. ಅಂದರೆ, ಗಂಡ ಹೆಂಡತಿ ಅಲ್ಲ. ಮಗ, ಮಗಳೂ ಸುಳ್ಳೇ. ನಾಲ್ವರೂ ಒಂದು ಕಂಪನಿಯ ನೌಕರರು. ದುಡ್ಡಿದ್ದವರ ಬಡಾವಣೆಯಲ್ಲಿ ಮನೆ ಹೂಡಿ, ಹೊಸ ಕಾರು, ಹೊಸ ಫೋನು ತೋರಿಸುತ್ತಾ ಓಡಾಡುವುದೇ ಡ್ಯೂಟಿ. ಅಂಗಡಿ ಹಾಕಿ ಕೂಗುವ ಕೆಲಸವಿಲ್ಲ. ನೋಡಿದವರ ಹೊಟ್ಟೆ ಉರಿದರೆ ಸಾಕು, ಮಾಲು ತಾನೇ ಹೋಗುತ್ತದೆ.

ಪಕ್ಕದ ಮನೆಯ ಲ್ಯಾರಿ ಅವರನ್ನು ನೋಡಿ ಸಾಲದ ಮೇಲೆ ಸಾಲ ಮಾಡುತ್ತಾನೆ. ‘ಹುಚ್ಚ!’ ಅಂತ ಜೋರಾಗಿ ನಕ್ಕೆ.

“ಯಾರಿಗಿ ನಗಲತ್ತೀರಿ? ಅಟ್ಟದ ಮ್ಯಾಲ ನೋಡ್ರಿ” ಅಂತ ಅಡುಗೆಮನೆಯಿಂದ ದನಿ ಬಂತು.

ಅಟ್ಟದ ಮೇಲೆ ನಮ್ಮ ರೊಟ್ಟಿ ಮಷೀನು ಮಲಗಿತ್ತು.

ದೀಪಾವಳಿಗೆ ಎದುರುಮನೆಯವರು ತಂದಿದ್ದರು. “ಮಸ್ತ್ ಅದರಿ” ಅಂದರು. ಅಷ್ಟೇ, ಜಾಸ್ತಿ ಏನೂ ಅನ್ನಲಿಲ್ಲ. ಮೂರು ದಿನ ನಿದ್ದೆ ಬರಲಿಲ್ಲ, ನಾಲ್ಕನೇ ದಿನ ಕಂತಿನ ಮೇಲೆ ತಂದೆ. ಬಡ್ಡಿ ಸೊನ್ನೆ ಅಂದರು. ಪ್ರೊಸೆಸಿಂಗ್ ಫೀ ಒಂದು, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಒಂದು. ಬಡ್ಡಿ ಮಾತ್ರ ನಿಜವಾಗಿಯೂ ಸೊನ್ನೆ.

ಆದರೆ ಅದು ಗೋಧಿಗೆ ಮಾಡಿದ ಮಷೀನು. ಗೋಧಿ ಹಿಟ್ಟಿಗೆ ಅಂಟು ಕೊಡುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಸುಡುವ ನೀರು ಹಾಕಿ, ನಾದಿ, ಕೈಯಿಂದ ಪಟಪಟ ಬಡಿದರೇ ಅದು ಮಾತು ಕೇಳೋದು. ಮಷೀನು ಮೇಲಿಂದ ಒತ್ತಿದ್ದೇ ತಡ, ಅಂಚು ಒಡೆದು ಕೆಳಗಿನ ತುಂಡು ಕಿತ್ತುಕೊಂಡು ಬಂತು. ಅವ್ವ ಬಗ್ಗಿ ನೋಡಿ, “ನಮ್ಮ ಜಿಲ್ಲಾದಾಗಿಂದ ಯಾದಗಿರಿ ಬ್ಯಾರೆ ಆದಂಗ ಆಯ್ತು ನೋಡಪಾ” ಅಂದಳು.

ಸಿನಿಮಾಕ್ಕೆ ಬರೋಣ. ಕೊನೆಗೆ ಲ್ಯಾರಿಗೆ ಆದದ್ದು ನೋಡಿ ನನ್ನ ನಗು ನಿಂತೇ ಹೋಯಿತು. ಆಮೇಲೆ ಪ್ರೇಮ, ಗೀಮ ಅಂತ ಕತೆ ಸ್ವಲ್ಪ ಮೆತ್ತಗಾಯಿತು, ಅದು ಬೇಕಿರಲಿಲ್ಲ. ಆದರೆ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಎದುರುಮನೆಯವರೂ ಯಾವುದೋ ಕಂಪನಿಯವರೇ ಇರಬಹುದಾ?

ಬಿಸಿಲು ಇಳಿದ ಮೇಲೆ ಹೋದೆ. ಅವರ ಮಷೀನಿನ ಮೇಲೆ ಶೇಂಗಾ ಹಿಂಡಿಯ ಡಬ್ಬಿ, ಅದರ ಮೇಲೆ ಉಪ್ಪಿನಕಾಯಿ ಭರಣಿ.

“ಮತ್ತ ಮಸ್ತ್ ಅದ ಅಂದಿದ್ರಲ್ರಿ?”

“ಇನ್ನೇನನ್ಲಿ? ಎಂಟು ಕಂತು ಬಾಕಿ ಇದ್ವು!”

ಬಯ್ಯೋಣ ಅಂತ ಬಾಯಿ ತೆರೆದವನು ಹಾಗೇ ಮುಚ್ಚಿದೆ. ನಾನೂ ‘ಮಸ್ತ್ ಅದ’ ಅಂದಿದ್ದೆನಲ್ಲ! ಒಬ್ಬರಿಗಲ್ಲ, ಮೂವರಿಗೆ. ಮೂವರೂ ತಗೊಂಡಿದ್ದಾರೆ. ಸಿನಿಮಾದವರಿಗೆ ಈ ಕೆಲಸಕ್ಕೆ ಕಾರು, ಬಂಗಲೆ ಕೊಟ್ಟಿದ್ದರು. ನನಗೆ ಒಂದು ಚಹಾ ಕೂಡ ಸಿಕ್ಕಿಲ್ಲ.

ನಿನ್ನೆ ಮೂಲೆಮನೆಯವರು ಎದುರಾದರು. ತಪ್ಪಿಸಿಕೊಂಡು ಹೋಗೋಣ ಅಂದರೆ ಅವರೇ ಕೂಗಿ ನಿಲ್ಲಿಸಿದರು.

“ನೀವು ಹೇಳಿದ ಮಷೀನು ಭಾಳ ಮಸ್ತ್ ಅದರಿ!”

ಅವರ ಕೈಯಲ್ಲಿ ಖಾನಾವಳಿಯ ಖಡಕ್ ರೊಟ್ಟಿಯ ಕಟ್ಟು ಇತ್ತು.